ಎರಡು ದಾರಗಳ ವಿಮರ್ಶೆ

ಕತೆ, ಕಾದಂಬರಿ, ನಾಟಕಗಳನ್ನು ವಿಮರ್ಶಿಸುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಕಾಣೆ ಮೀನು ಹಿಡಿಯುವ ಗಾಳದ ದಾರವನ್ನು ವಿಮರ್ಶಿಸಿದವರನ್ನು ಮಾತ್ರ ನಾನು ಕಾಣೆ. ಹಾಗೆಂದು ಅದು ವಿಮರ್ಶೆಗೆ ಯೋಗ್ಯವಲ್ಲದ ವಸ್ತುವೇನೂ ಅಲ್ಲ. ಇದು ಯಾತಕ್ಕಾಗಿ ಹುಟ್ಟಿತು, ಆ ಕೆಲಸವನ್ನು ಎಷ್ಟು ಚೆನ್ನಾಗಿ ಮಾಡುತ್ತದೆ, ಮಾಡುವಾಗ ಯಾರನ್ನು ನೋಯಿಸುತ್ತದೆ – ಈ ಮೂರು ಪ್ರಶ್ನೆಗಳನ್ನು ಒಂದು ಕಾದಂಬರಿಗೆ ಹೇಗೋ ಹಾಗೆ ಒಂದು ದಾರಕ್ಕೂ ಕೇಳಬಹುದು.

ನಾನು ಹೈಸ್ಕೂಲಿನಲ್ಲಿ ಪಾಠ ಮಾಡುವವಳು. ಭಾನುವಾರ ಸಂಜೆ ನಮ್ಮವರ ಜೊತೆ ಗಂಗೊಳ್ಳಿಯ ಅಳಿವೆಯ ಕಡೆಗೋ ಮರವಂತೆಯ ಕಡಲತಡಿಗೋ ಗಾಳ ಹಿಡಿದುಕೊಂಡು ಹೋಗುವುದು ನಮ್ಮ ಮನೆಯ ಹಳೆಯ ಅಭ್ಯಾಸ. “ಹೆಂಗಸರಿಗೆ ಇದೆಂಥ ಮರುಳು” ಎಂದವರಿದ್ದಾರೆ. ಸಾರಿಗೆ ಮೀನು ಬಂದ ದಿನ ಅವರು ಹಾಗೆ ಹೇಳುವುದಿಲ್ಲ. ದಾರ ಕೊಳ್ಳಲು ಅಂಗಡಿಗೆ ಹೋದರೆ ಈಗ ಮೊದಲು ಕೇಳುವ ಪ್ರಶ್ನೆ ಒಂದೇ: “ಮೊನೊ ಬೇಕಾ ಟೀಚರೇ, ಬ್ರೇಡ್ ಬೇಕಾ?” ಮೊನೊ ಎಂದರೆ ಒಂದೇ ಎಳೆಯ ನೈಲಾನ್ ದಾರ. ಬ್ರೇಡ್ ಎಂದರೆ ನಾಲ್ಕೋ ಎಂಟೋ ಎಳೆಗಳನ್ನು ಜಡೆಯಂತೆ ಹೆಣೆದದ್ದು.

ಪ್ರಶ್ನೆ ಸ್ಪಿನ್ನಿಂಗ್ ರೀಲಿಗೆ ಸಂಬಂಧಿಸಿದ್ದಾದ್ದರಿಂದ ಅದನ್ನು ಕಾಣದವರಿಗಾಗಿ ಎರಡು ಮಾತು. ಎಸೆಯುವಾಗ ಇದರ ಉರುಳೆ ತಿರುಗುವುದಿಲ್ಲ, ಸುಮ್ಮನೆ ಕೂತಿರುತ್ತದೆ. ದಾರ ಅದರ ಅಂಚಿನ ಮೇಲಿಂದ ಸುತ್ತು ಸುತ್ತಾಗಿ ಕಳಚಿಕೊಂಡು ಹೋಗುತ್ತದೆ. ಮಗ್ಗದ ಲಾಳಿಯೊಳಗಿನ ಕಂಡಿಕೆಯಿಂದ ನೂಲು ಬಿಚ್ಚಿಕೊಳ್ಳುವುದನ್ನು ಕಂಡವರಿಗೆ ಇದು ಬೇಗ ಅರ್ಥವಾದೀತು. 1905ರಲ್ಲಿ ಇಂಗ್ಲೆಂಡಿನಲ್ಲಿ ಇಂಥ ರೀಲಿಗೆ ಪೇಟೆಂಟ್ ಪಡೆದ ಇಲ್ಲಿಂಗ್‌ವರ್ತ್ ಎಂಬಾತ ಜವಳಿ ಉದ್ಯಮದವನೇ. ಹೀಗಿರುವಾಗ ಈ ರೀಲಿನ ದಾರ ಎಳೆದಾಗ ಸಲೀಸಾಗಿ ಬರಬೇಕು, ಎಳೆಯದಿದ್ದಾಗ ತಾನಾಗಿ ಉದುರಬಾರದು.

ನೈಲಾನ್ ಜಗತ್ತಿಗೆ ಪರಿಚಯವಾದದ್ದು 1938ರಲ್ಲಿ, ಮೊದಲು ಹಲ್ಲುಜ್ಜುವ ಬ್ರಷ್ಷಿನ ಕೂದಲಾಗಿ. ಗಾಳದ ದಾರವಾದದ್ದು ಆಮೇಲೆ. ಅದರ ದೊಡ್ಡ ದೋಷ ಅದರ ನೆನಪಿನ ಶಕ್ತಿ. ಉರುಳೆಯಲ್ಲಿ ತಿಂಗಳುಗಟ್ಟಲೆ ಸುತ್ತಿಟ್ಟರೆ ಹೊರಗೆ ಬಂದ ಮೇಲೂ ಸುರುಳಿಯಾಗಿಯೇ ಇರುತ್ತದೆ. ಬಿಸಿಲಿಗೆ ಸೊರಗುತ್ತದೆ, ನೀರು ಕುಡಿದು ತುಸು ದುರ್ಬಲವಾಗುತ್ತದೆ. ಅದರ ದೊಡ್ಡ ಗುಣ ಹಿಗ್ಗುವುದು. ಸಾಮಾನ್ಯ ನೈಲಾನ್ ದಾರ ತುಂಡಾಗುವ ಮೊದಲು ಶೇಕಡಾ 20ರ ಆಸುಪಾಸಿನಲ್ಲಿ ಉದ್ದವಾಗುತ್ತದೆ. ಮೀನು ಒಮ್ಮೆಲೇ ಜಗ್ಗಿದರೆ ಆ ಪೆಟ್ಟನ್ನು ದಾರವೇ ಅರ್ಧ ನುಂಗಿಕೊಳ್ಳುತ್ತದೆ. ಕಲ್ಲಿಗೆ ಉಜ್ಜಿದರೂ ಮೇಲ್ಮೈ ಗೀಚಿಸಿಕೊಂಡು ಸ್ವಲ್ಪ ಹೊತ್ತು ತಡೆಯುತ್ತದೆ. ಬೆಲೆಯೂ ಕಡಿಮೆ.

ಇಂದಿನ ಬ್ರೇಡನ್ನು ಮಾಡುವುದು ವಿಶೇಷ ಬಗೆಯ ಪಾಲಿಥೀನ್ ಎಳೆಗಳಿಂದ. ಗಾಳದವರ ಕೈಗೆ ಅದು ಬಂದದ್ದು 1990ರ ದಶಕದಲ್ಲಿ. ಅಷ್ಟೇ ಭಾರ ತಡೆಯುವ ನೈಲಾನಿಗಿಂತ ಅದು ಸುಮಾರು ಅರ್ಧ ದಪ್ಪ. ದಪ್ಪ ಅರ್ಧವಾದರೆ ಅದೇ ಉರುಳೆಯಲ್ಲಿ ಎರಡು ಪಟ್ಟಲ್ಲ, ನಾಲ್ಕು ಪಟ್ಟು ದಾರ ಹಿಡಿಸುತ್ತದೆ. ವೃತ್ತದ ವಿಸ್ತೀರ್ಣದ ಲೆಕ್ಕ ಮಾಡಿದ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗಾಳಿಯನ್ನು ಸೀಳಿಕೊಂಡು ದೂರ ಹೋಗುತ್ತದೆ. ಹಿಗ್ಗುವುದಂತೂ ಇಲ್ಲವೇ ಇಲ್ಲ ಎನ್ನಬೇಕು. ಆದ್ದರಿಂದ ಐವತ್ತು ಮೀಟರಿನಾಚೆ ಮೀನು ಬಾಯಿ ಹಾಕಿದರೂ ಕೋಲು ಹಿಡಿದ ಬೆರಳಿಗೆ ಸುದ್ದಿ ಮುಟ್ಟುತ್ತದೆ. ಬಹುಕಾಲ ಬಾಳುತ್ತದೆ. ಇಷ್ಟು ಓದಿದರೆ ಮೊನೊ ಬಡಪಾಯಿ, ಬ್ರೇಡ್ ಮಹಾರಾಜ ಎಂದು ತೀರ್ಪು ಕೊಟ್ಟು ಏಳಬಹುದು. ಬಹಳ ಜನ ಏಳುವುದೂ ಹಾಗೆಯೇ.

ನನ್ನ ತಕರಾರು ಇರುವುದು ಇಲ್ಲಿ. ಡಬ್ಬಿಯ ಮೇಲೆ ಮುದ್ರಿಸಿದ ಪೌಂಡಿನ ಅಂಕಿಯನ್ನು ನೋಡಿ ದಾರಕ್ಕೆ ಬೆಲೆ ಕಟ್ಟುವುದು, ಪುಟಗಳನ್ನು ಎಣಿಸಿ ಕಾದಂಬರಿಗೆ ಬೆಲೆ ಕಟ್ಟಿದ ಹಾಗೆ. ದಾರದ ಒಂದು ತುದಿಯಲ್ಲಿ ಮೀನಿದೆ, ಇನ್ನೊಂದು ತುದಿಯಲ್ಲಿ ಮನುಷ್ಯನಿದ್ದಾನೆ. ನಡುವಿನ ದಾರ ಏನೂ ಬಿಟ್ಟುಕೊಡುವುದಿಲ್ಲವೆಂದಾದರೆ ಎರಡು ತುದಿಗಳಲ್ಲಿ ಯಾವುದಾದರೂ ಒಂದು ಹರಿಯಲೇಬೇಕು. ಹತ್ತನೇ ತರಗತಿಯ ಹುಡುಗನೊಬ್ಬ, ಕಲ್ಲಿಗೆ ಸಿಕ್ಕಿಬಿದ್ದ ಬ್ರೇಡನ್ನು ಅಂಗೈಗೆ ಎರಡು ಸುತ್ತು ಸುತ್ತಿಕೊಂಡು ಜಗ್ಗಿದ. ಕಲ್ಲು ಬಿಡಲಿಲ್ಲ, ದಾರ ಹರಿಯಲಿಲ್ಲ, ಅಂಗೈ ಸೀಳಿತು. ಹೊಲಿಗೆ ಹಾಕಿಸಿಕೊಂಡು ಬಂದವನು ಹದಿನೈದು ದಿನ ಪೆನ್ನು ಹಿಡಿಯಲಿಲ್ಲ. ಅವನ ಡಬ್ಬಿಯ ಮೇಲೆ ಎಷ್ಟು ಪೌಂಡು ಎಂಬುದು ದಪ್ಪ ಅಕ್ಷರದಲ್ಲಿತ್ತು. ಕೈಗೆ ಸುತ್ತಿಕೊಳ್ಳಬೇಡಿ ಎಂಬ ಮಾತು ಇರಲಿಲ್ಲ.

ಅವನ ಅಂಗೈ ಕಂಡಾಗ ನನಗೆ ಹೆಮಿಂಗ್ವೇಯ ಮುದುಕ ನೆನಪಾದ. 1952ರಲ್ಲಿ ಬಂದ ‘ದಿ ಓಲ್ಡ್ ಮ್ಯಾನ್ ಅಂಡ್ ದಿ ಸೀ’ ಕಾದಂಬರಿಯನ್ನು ಛಲದ ಕತೆ, ಸೋಲದ ಮನುಷ್ಯನ ಕತೆ ಎಂದು ನಾವೆಲ್ಲ ಕಲಿತಿದ್ದೇವೆ. ಗಾಳ ಹಾಕುವವಳಾಗಿ ಓದಿದಾಗ ನನಗೆ ಅದು ದಾರವನ್ನು ಬಿಟ್ಟುಕೊಡುವ ವಿದ್ಯೆಯ ಕತೆಯಾಗಿಯೂ ಕಾಣುತ್ತದೆ. ಕ್ಯೂಬಾದ ಕಡಲಿನ ಆ ಸ್ಯಾಂಟಿಯಾಗೋನ ಬಳಿ ರೀಲಿಲ್ಲ. ಪೆನ್ಸಿಲಿನಷ್ಟು ದಪ್ಪದ ಕೈದಾರ ಮಾತ್ರ. ದೊಡ್ಡ ಮೀನು ಸಿಕ್ಕಿದ ಮೇಲೆ ಆ ದಾರವನ್ನು ದೋಣಿಗೆ ಕಟ್ಟಿ ಆರಾಮವಾಗಿ ಕೂರಬಹುದಿತ್ತು. ಅವನು ಕಟ್ಟುವುದಿಲ್ಲ. ಕಟ್ಟಿದರೆ ಮೀನು ಒಂದೇ ಜಗ್ಗಿಗೆ ಹರಿದುಕೊಂಡು ಹೋಗುತ್ತದೆ ಎಂದು ಅವನಿಗೆ ಗೊತ್ತು. ಆದ್ದರಿಂದ ದಾರವನ್ನು ತನ್ನ ಬೆನ್ನ ಮೇಲೆ ಹಾಯಿಸಿಕೊಂಡು, ಮೀನು ಎಳೆದಾಗ ಬಿಡುತ್ತಾ, ನಿಂತಾಗ ಹಿಡಿಯುತ್ತಾ ಹಗಲು ರಾತ್ರಿ ಕೂರುತ್ತಾನೆ. ಇಂದಿನ ರೀಲಿನಲ್ಲಿ ಡ್ರ್ಯಾಗ್ ಎಂಬ ಬಿರಡೆ ಮಾಡುವ ಕೆಲಸವನ್ನು ಅಲ್ಲಿ ಮುದುಕನ ಬೆನ್ನು ಮಾಡುತ್ತದೆ. ದಾರ ಜಾರಿ ಓಡಿದಾಗ ಅವನ ಕೈಯೂ ಸೀಳುತ್ತದೆ. ಆ ಪುಸ್ತಕವನ್ನು ಕೇವಲ ಹಿಡಿತದ ಕತೆಯೆಂದು ಓದುವವರು ಅರ್ಧ ಓದಿದಂತೆ. ಸಡಿಲ ಬಿಡುವುದು ಗೊತ್ತಿಲ್ಲದಿದ್ದರೆ ಆ ಕತೆ ಮೊದಲ ದಿನವೇ ಮುಗಿಯುತ್ತಿತ್ತು.

ಇನ್ನೊಂದು ಪ್ರಶ್ನೆ ಅಂಗಡಿಯಲ್ಲಿ ಯಾರೂ ಕೇಳದ್ದು: ದಾರ ಹರಿಯುವುದಾದರೆ ಎಲ್ಲಿ ಹರಿಯಬೇಕು? ಅಳಿವೆಯ ತಡೆಗೋಡೆಯ ಕಲ್ಲುಗಳ ನಡುವೆ ಗಾಳ ಸಿಕ್ಕುವುದು ದಿನನಿತ್ಯದ ಮಾತು. ಬಲವಾದ ಬ್ರೇಡಿಗೆ ನೇರವಾಗಿ ಗಾಳ ಕಟ್ಟಿದ್ದರೆ ಅದು ಎಲ್ಲಿ ಕಲ್ಲಿಗೆ ಉಜ್ಜಿದೆಯೋ ಅಲ್ಲಿ ಹರಿಯುತ್ತದೆ, ಅಥವಾ ಬೇಸತ್ತವನು ತನ್ನ ಕಾಲಬುಡದಲ್ಲಿ ಕತ್ತರಿಸಿ ಬಿಟ್ಟು ಹೋಗುತ್ತಾನೆ. ಮೂವತ್ತು ನಲವತ್ತು ಮೀಟರ್ ದಾರ ನೀರಿಗೆ. ಬ್ರೇಡ್ ನೀರಿಗಿಂತ ಹಗುರ, ತೇಲುತ್ತದೆ. ಕಾಂಡ್ಲಾ ಗಿಡಗಳ ಬೇರಿಗೆ ಹೋಗಿ ಸುತ್ತಿಕೊಳ್ಳುತ್ತದೆ. ಅಂಥ ಬೇರಿನಲ್ಲಿ ಒಂದು ಬೆಳ್ಳಕ್ಕಿ ಒಂಟಿಕಾಲಿನಲ್ಲಿ ನೇತಾಡುತ್ತಿದ್ದುದನ್ನು ನಾವಿಬ್ಬರೂ ಕಂಡಿದ್ದೇವೆ. ನಮ್ಮವರು ಕೆಸರಿಗಿಳಿದು ಕತ್ತರಿಯಿಂದ ಬಿಡಿಸಿದರು. ಹಾರಿತು, ಆದರೆ ಆ ಕಾಲನ್ನು ಮಡಿಸಲಿಲ್ಲ. ನೈಲಾನೇನೂ ಪುಣ್ಯವಂತನಲ್ಲ, ಅದೂ ವರ್ಷಗಟ್ಟಲೆ ಕೊಳೆಯದೆ ಬಿದ್ದಿರುತ್ತದೆ. ಆದ್ದರಿಂದ ನೀರಿನಲ್ಲಿ ಎಷ್ಟು ಉದ್ದ ಉಳಿಯುತ್ತದೆ ಎಂಬುದೇ ಮುಖ್ಯ.

ಇದಕ್ಕೆ ಎದುರು ವಾದವೂ ಇದೆ. ದುರ್ಬಲ ದಾರದಲ್ಲಿ ಮೀನನ್ನು ಬಹಳ ಹೊತ್ತು ಆಡಿಸಿ ದಣಿಸಬೇಕಾಗುತ್ತದೆ. ಹಿಡಿದು ಮತ್ತೆ ನೀರಿಗೆ ಬಿಡುವವರ ಕೈಯಲ್ಲಿ ಅಂಥ ಮೀನು ಬಿಟ್ಟ ಮೇಲೂ ಬದುಕದೆ ಹೋಗಬಹುದು. ಈ ಮಾತು ನಿಜ. ಹಾಗಾಗಿ ದುರ್ಬಲ ದಾರವೇ ಶ್ರೇಷ್ಠವೆಂದು ನಾನು ಹೇಳುವುದಿಲ್ಲ. ದಾರದುದ್ದಕ್ಕೂ ಬಲವಿರಲಿ, ದುರ್ಬಲ ಜಾಗ ಒಂದೇ ಇರಲಿ, ಅದು ಗಾಳದ ಹತ್ತಿರ ಇರಲಿ ಎನ್ನುತ್ತೇನೆ.

ಈ ಉಪಾಯ ಹೊಸದೂ ಅಲ್ಲ. ದಕ್ಷಿಣ ಕನ್ನಡದ ಕಲೆಕ್ಟರಾಗಿದ್ದ ಎಚ್. ಎಸ್. ಥಾಮಸ್ ಬರೆದ ‘ದಿ ರಾಡ್ ಇನ್ ಇಂಡಿಯಾ’ ನಮ್ಮ ಮಂಗಳೂರಿನಲ್ಲಿಯೇ 1873ರಲ್ಲಿ ಪ್ರಕಟವಾಯಿತು. ಆಗ ನೈಲಾನೂ ಇರಲಿಲ್ಲ, ಇಂದಿನ ಬ್ರೇಡೂ ಇರಲಿಲ್ಲ. ಆ ಕಾಲದ ಗಾಳಗಾರರು ಹೆಣೆದ ರೇಷ್ಮೆ ದಾರದ ತುದಿಗೆ ‘ಗಟ್’ ಎಂಬ ಪಾರದರ್ಶಕ ಒಂಟಿ ಎಳೆಯನ್ನು ಕಟ್ಟುತ್ತಿದ್ದರು. ಅದನ್ನು ರೇಷ್ಮೆ ಹುಳುವನ್ನು ವಿನಿಗರಿನಲ್ಲಿ ನೆನೆಸಿ, ಅದರ ರೇಷ್ಮೆಗ್ರಂಥಿಯನ್ನು ಎಳೆದು ತಯಾರಿಸುತ್ತಿದ್ದರು. ಸ್ಪೇನಿನ ಮುರ್ಸಿಯಾ ಅದಕ್ಕೆ ಹೆಸರಾಗಿತ್ತು. ಹೆಣೆದದ್ದು ಹಿಂದೆ, ಒಂಟಿ ಎಳೆ ಮುಂದೆ. ಎರಡರಲ್ಲಿ ಒಂದನ್ನು ಆರಿಸಬೇಕೆಂಬ ಜಗಳ ಅವರಿಗಿರಲಿಲ್ಲ. ಎರಡನ್ನೂ ಅವುಗಳ ಜಾಗದಲ್ಲಿಟ್ಟಿದ್ದರು.

ಆದ್ದರಿಂದ ನನ್ನ ತೀರ್ಪು ಹೀಗೆ. ಗಾಳ ಹಿಡಿಯಲು ಈಗಷ್ಟೇ ಕಲಿಯುವ ಮಕ್ಕಳಿಗೆ, ಕಲ್ಲಿನ ತಡೆಗೋಡೆಯ ಬುಡದಲ್ಲಿ ಕೆಂಬೇರಿಗೆ ಕಾಯುವವರಿಗೆ ಮೊನೊ ಸಾಕು. ಉರುಳೆಯ ಅಂಚಿಗಿಂತ ಸ್ವಲ್ಪ ಕೆಳಗಿನವರೆಗೆ ಮಾತ್ರ ಸುತ್ತಿ. ವರ್ಷಕ್ಕೊಮ್ಮೆ ಬದಲಿಸಿ, ಹಳೆಯದನ್ನು ಚೂರು ಚೂರು ಮಾಡಿ ಕಸಕ್ಕೆ ಹಾಕಿ. ಮರವಂತೆಯಂಥ ಮರಳಿನ ತಡಿಯಲ್ಲಿ ದೂರ ಎಸೆಯುವವರಿಗೆ ಬ್ರೇಡ್ ಒಳ್ಳೆಯದು. ಅದು ಉರುಳೆಯ ಮೇಲೆ ಜಾರದಂತೆ ಅಡಿಯಲ್ಲಿ ಹತ್ತಿಪ್ಪತ್ತು ಸುತ್ತು ನೈಲಾನ್ ಹಾಕಿ, ಬ್ರೇಡನ್ನು ಬಿಗಿಯಾಗಿ ಸುತ್ತಿ. ತುದಿಗೆ ಎರಡು ಮಾರು ನೈಲಾನ್ ಕಟ್ಟಿ. ಬ್ರೇಡ್ 20 ಪೌಂಡಿನದಾದರೆ ನೈಲಾನ್ 12ರದ್ದಿರಲಿ. ಪೌಂಡು ಕಡಿಮೆಯಾದರೂ ಅದು ಬ್ರೇಡಿಗಿಂತ ದಪ್ಪವೇ ಇರುವುದರಿಂದ ಉಜ್ಜಾಟವನ್ನು ತಡೆದುಕೊಳ್ಳುತ್ತದೆ. ಭಾರದ ಸೀಸ ಎಸೆಯುವವರಿಗೆ ತುದಿಯಲ್ಲಿ ದಪ್ಪ ನೈಲಾನೇ ಬೇಕಾಗುತ್ತದೆ; ಅವರು ಗಾಳ ಕಟ್ಟುವ ಕೊನೆಯ ತುಂಡನ್ನಾದರೂ ಸಣ್ಣದು ಮಾಡಿಕೊಳ್ಳಲಿ. ಗಂಟನ್ನು ಬಿಗಿಯುವ ಮೊದಲು ಉಗುಳು ಹಚ್ಚಿ. ಡ್ರ್ಯಾಗನ್ನು ಅತ್ಯಂತ ದುರ್ಬಲ ತುಂಡಿನ ಬಲದ ಕಾಲುಭಾಗಕ್ಕೋ ಮೂರನೇ ಒಂದು ಭಾಗಕ್ಕೋ ನಿಲ್ಲಿಸಿ. ಕಲ್ಲಿಗೆ ಸಿಕ್ಕಿದರೆ ದಾರವನ್ನು ಒಂದು ಕಟ್ಟಿಗೆಗೆ ಸುತ್ತಿ, ಹಿಂದೆ ಹಿಂದೆ ಹೆಜ್ಜೆಯಿಟ್ಟು ಎಳೆಯಿರಿ. ಅಂಗೈಗೆ ಎಂದೂ ಸುತ್ತಿಕೊಳ್ಳಬೇಡಿ.

ಇಷ್ಟು ಮಾಡಿದರೆ, ಸೋತ ದಿನ ನೀರಿನಲ್ಲಿ ಉಳಿಯುವುದು ಒಂದು ಗಾಳ, ಒಂದು ಸೀಸದ ಗುಂಡು, ಹೆಚ್ಚೆಂದರೆ ಎರಡು ಮಾರು ದಾರ. ಅಷ್ಟನ್ನೂ ಉಳಿಸದಿರುವ ದಾರ ಬಂದ ದಿನ ಈ ವಿಮರ್ಶೆಯನ್ನು ಹರಿದು ಹಾಕಬಹುದು.