ಮೆಟ್ಟಿಲು ಅಂದಿದ್ದು ಸಾಕು

ಕನ್ನಡದಲ್ಲಿ ಪತ್ತೇದಾರಿ ಕಾದಂಬರಿಕಾರರ ಮಾತು ಬಂದಾಗಲೆಲ್ಲ ಒಂದು ಹೊಗಳಿಕೆ ತಪ್ಪದೆ ಬರುತ್ತೆ: ಅವರಿಂದಾಗಿ ಜನ ಓದೋದು ಕಲಿತರು. ಎನ್. ನರಸಿಂಹಯ್ಯನವರ ವಿಷಯದಲ್ಲಂತೂ ಇದು ಕಾಯಂ. ಮೊದಲು ಪತ್ತೇದಾರ ಪುರುಷೋತ್ತಮ, ಆಮೇಲೆ ಅ.ನ.ಕೃ., ತ.ರಾ.ಸು., ಅಲ್ಲಿಂದ ಮೇಲೆ ಕಾರಂತ, ಕುವೆಂಪು. ಅಂದ್ರೆ ನರಸಿಂಹಯ್ಯನವರು ಮೆಟ್ಟಿಲು. ಗೌರವದ ಮಾತೇ ಇರಬಹುದು, ಆದರೆ ಗಮನಿಸಿ, ಇದರಲ್ಲಿ ಅವರ ಒಂದೇ ಒಂದು ಪುಸ್ತಕದ ಬಗ್ಗೆಯೂ ಮಾತಿಲ್ಲ. ಕಥೆ ಹೇಗಿತ್ತು, ಸುಳಿವು ಸರಿಯಾಗಿತ್ತಾ, ಕೊನೆ ನಂಬುವ ಹಾಗಿತ್ತಾ, ಯಾವುದೂ ಇಲ್ಲ. ಓದದೇ ಹೊಗಳೋಕೆ ಇದಕ್ಕಿಂತ ಸುಲಭದ ದಾರಿ ಇನ್ನೊಂದಿಲ್ಲ.

ಹಾಗಾದರೆ ಓದಿ ನೋಡೋಣ. ಚಿಕ್ಕಮಗಳೂರಿನ ಕಡೆಯಿಂದ ಬಂದ ನರಸಿಂಹಯ್ಯನವರು ಓದಿದ್ದು ನಾಲ್ಕನೇ ಕ್ಲಾಸು. ಹೊಟ್ಟೆಪಾಡಿಗೆ ಸಿಕ್ಕ ಕೆಲಸ ಮಾಡುತ್ತಲೇ ಬರವಣಿಗೆಗೆ ಬಂದರು. ಮೊದಲ ಪತ್ತೇದಾರಿ ಕಾದಂಬರಿ ಬಂದದ್ದು 1952ರಲ್ಲಿ. 2011ರ ಡಿಸೆಂಬರಿನಲ್ಲಿ ತೀರಿಕೊಳ್ಳುವ ಹೊತ್ತಿಗೆ ಅವರ ಹೆಸರಿನಲ್ಲಿ 500ಕ್ಕೂ ಹೆಚ್ಚು ಕಾದಂಬರಿಗಳಿದ್ದವು. ನಲವತ್ತು ವರ್ಷ ಬಿಡದೆ ಬರೆದರು ಅಂತಿಟ್ಟುಕೊಂಡರೂ ತಿಂಗಳಿಗೊಂದು ಕಾದಂಬರಿ ಆಯ್ತು. ಮನೇಲಿ ಜ್ವರ ಇದ್ದರೂ, ಹಬ್ಬ ಬಂದರೂ, ಕಥೆಯೇ ಹೊಳೆಯದಿದ್ದರೂ ತಿಂಗಳಿಗೊಂದು.

ಈ ಲೆಕ್ಕ ಪುಟದ ಮೇಲೇ ಕಾಣಿಸುತ್ತೆ. ಪುರುಷೋತ್ತಮ, ಮಧುಸೂದನ, ಅರಿಂಜಯ ಇವರೆಲ್ಲ ಯೋಚಿಸುವುದಕ್ಕಿಂತ ಓಡುವುದೇ ಹೆಚ್ಚು. ವೇಷ ಮರೆಸಿಕೊಳ್ಳೋದು, ಹಿಂಬಾಲಿಸೋದು, ಸಿಕ್ಕಿಬೀಳೋದು, ತಪ್ಪಿಸಿಕೊಳ್ಳೋದು. ಓದುಗನ ಕಣ್ಣೆದುರೇ ಒಂದು ಸುಳಿವನ್ನು ಇಟ್ಟು, ಎಂಬತ್ತನೇ ಪುಟದಲ್ಲಿ ‘ಅಯ್ಯೋ, ಇದು ಅಲ್ಲೇ ಇತ್ತಲ್ಲ’ ಅನ್ನಿಸುವ ಕೆಲಸ ಕಡಿಮೆ. ಆ ಕೆಲಸಕ್ಕೆ ಕೊನೆಯ ಅಧ್ಯಾಯ ಬರೆದ ಮೇಲೆ ಮೊದಲ ಅಧ್ಯಾಯಕ್ಕೆ ವಾಪಸ್ ಹೋಗಬೇಕು. ಕೋಡ್ ಬರೆಯೋರಿಗೆ ಇದು ಗೊತ್ತು: ಬರೆಯೋದಕ್ಕಿಂತ ತಿದ್ದೋದಕ್ಕೇ ಹೆಚ್ಚು ದಿನ ಬೇಕು. ತಿಂಗಳಿಗೊಂದು ಕೊಡಬೇಕಾದವನು ವಾಪಸ್ ಹೋಗೋದು ಯಾವಾಗ? ಅವರ ಕಾದಂಬರಿಗಳ ಗುಣ ಮತ್ತು ದೋಷ ಎರಡೂ ಇಲ್ಲಿಂದಲೇ ಹುಟ್ಟಿದವು. ವೇಗ, ಸರಳ ವಾಕ್ಯ, ಅಧ್ಯಾಯದ ಕೊನೆಗೊಂದು ತಿರುವು, ಇದರಲ್ಲಿ ಅವರನ್ನು ಮೀರಿಸಿದವರು ಕಡಿಮೆ.

ಹಾಗಂತ ವೇಗವೇ ದೋಷ ಅನ್ನೋದು ತಪ್ಪು. ಜಾರ್ಜ್ ಸಿಮೆನಾನ್ ಒಂದೆರಡು ವಾರಕ್ಕೆ ಒಂದು ಕಾದಂಬರಿ ಮುಗಿಸುತ್ತಿದ್ದ. ಅವನ ಇನ್‌ಸ್ಪೆಕ್ಟರ್ ಮೇಗ್ರೆಯ ಕಾದಂಬರಿಗಳೇ 75. ಆದರೆ ಪ್ರಕಾಶಕರ ಜೊತೆ ಹಟ ಹಿಡಿದು ಚೌಕಾಸಿ ಮಾಡಿ, ಹಕ್ಕುಗಳನ್ನು ಕಾಪಾಡಿಕೊಂಡು ಶ್ರೀಮಂತನಾದ. 2003ರಲ್ಲಿ ಫ್ರೆಂಚರು ಅವನನ್ನು ತಮ್ಮ ಪ್ರತಿಷ್ಠಿತ ಪ್ಲೇಯಾಡ್ ಮಾಲಿಕೆಯಲ್ಲಿ ಅಚ್ಚು ಹಾಕಿದರು. ನಮ್ಮಲ್ಲಿ ಆ ಕಾಲದ ಜನಪ್ರಿಯ ಕಾದಂಬರಿಗೆ ಹಸ್ತಪ್ರತಿ ಕೊಟ್ಟಾಗ ಇಂತಿಷ್ಟು ಅಂತ ಕೈಗಿಟ್ಟು ಮುಗಿಸೋದು ಮಾಮೂಲಿ. ಆಮೇಲೆ ಪುಸ್ತಕ ಸರ್ಕ್ಯುಲೇಟಿಂಗ್ ಲೈಬ್ರರಿ ಸೇರುತ್ತಿತ್ತು. ಒಂದೇ ಪ್ರತಿ ನೂರು ಮನೆ ಸುತ್ತಿ ಬರುತ್ತಿತ್ತು, ದಿನಬಾಡಿಗೆ ಲೈಬ್ರರಿಯವನಿಗೆ. ‘ಜನ ಓದೋದು ಕಲಿತರು’ ಅಂತೀವಲ್ಲ, ಆ ಕಲಿಕೆಯ ಫೀಸು ಬರೆದವನ ಮನೆಗೆ ಹೋಗಲಿಲ್ಲ.

ಇನ್ನೊಬ್ಬರ ದಿನಚರಿ ನೋಡಿ. ಮ. ರಾಮಮೂರ್ತಿ. ಇವತ್ತು ಅವರ ಹೆಸರು ಉಳಿದಿರೋದು ಹಳದಿ-ಕೆಂಪು ಬಾವುಟ ಕೊಟ್ಟವರು ಅಂತ. ಅವರು ಪತ್ರಿಕೆ ನಡೆಸಿದರು, ಕನ್ನಡ ಚಳವಳಿ ಕಟ್ಟಿದರು, ಇದರ ನಡುವೆ ಸಾಲು ಸಾಲು ಪತ್ತೇದಾರಿ ಕಾದಂಬರಿ ಬರೆದರು. 1967ರಲ್ಲಿ ಬಾವಿ ತೋಡಿಸುವಾಗ ಮಣ್ಣು ಕುಸಿದು ಇಬ್ಬರು ಮಕ್ಕಳ ಜೊತೆ ತೀರಿಕೊಂಡರು. ಪ್ರತಿ ನವೆಂಬರಿನಲ್ಲಿ ಬಾವುಟ ಹಾರುತ್ತೆ, ಪುಸ್ತಕಗಳನ್ನು ಯಾರೂ ಎತ್ತಿಕೊಳ್ಳಲ್ಲ.

ಈಗ ನಮ್ಮ ಉತ್ತರ ಬೆಂಗಳೂರಿಗೆ ಬರೋಣ. ಕೆ.ಎನ್. ಗಣೇಶಯ್ಯ ಜಿ.ಕೆ.ವಿ.ಕೆ.ಯಲ್ಲಿ ಕೃಷಿ ವಿಜ್ಞಾನಿಯಾಗಿದ್ದವರು. ಅವರ ‘ಕನಕ ಮುಸುಕು’ ಹೊಯ್ಸಳ ಶಿಲ್ಪಗಳ ಕೈಯಲ್ಲಿರುವ ಮುಸುಕಿನ ಜೋಳದಂಥ ತೆನೆಯ ಸುತ್ತ ಹೆಣೆದ ಕಥೆ. ಜೋಳ ಅಮೆರಿಕದ ಬೆಳೆ. ಕೊಲಂಬಸ್ ಹೊರಟಿದ್ದು 1492ರಲ್ಲಿ. ಸೋಮನಾಥಪುರದ ದೇವಸ್ಥಾನ 13ನೇ ಶತಮಾನದ್ದು. ಹಾಗಾದರೆ ಆ ತೆನೆ ಎಲ್ಲಿಂದ ಬಂತು? ಇದು ವಿಜ್ಞಾನಿಗಳೇ ನಿಜವಾಗಿ ಜಗಳ ಆಡಿದ ಪ್ರಶ್ನೆ. 1989ರಲ್ಲಿ ಜೊಹಾನೆಸ್ಸೆನ್ ಮತ್ತು ಪಾರ್ಕರ್ ಅದು ಜೋಳವೇ ಅಂದರು, ನಮ್ಮ ಪಾಯಕ್ ಮತ್ತು ಸಚಾನ್ ಅಲ್ಲ ಅಂದರು. ರಹಸ್ಯ ಕಾದಂಬರಿಗೆ ಇದಕ್ಕಿಂತ ಒಳ್ಳೆಯ ಮೊದಲ ಪುಟ ಸಿಗಲ್ಲ. ಇಂಥದ್ದನ್ನು ಹುಡುಕಿ, ಓದಿ, ದೇಗುಲ ಸುತ್ತಿ ಬರೆಯೋಕೆ ತಿಂಗಳ ಕೊನೆಗೆ ಸಂಬಳ ಬರುವ ಮನುಷ್ಯನೇ ಆಗಬೇಕು. ನರಸಿಂಹಯ್ಯ ಮತ್ತು ಗಣೇಶಯ್ಯ ನಡುವಿನ ವ್ಯತ್ಯಾಸವನ್ನು ಬರೀ ಪ್ರತಿಭೆ, ವಿದ್ಯೆಗಳಲ್ಲಿ ಹುಡುಕುವವರು ಸಂಬಳದ ಚೀಟಿಯನ್ನೂ ಒಮ್ಮೆ ನೋಡಬೇಕು.

ಆದರೆ ಗಣೇಶಯ್ಯನವರಿಗೂ ನಾವು ಒಂದು ಸೀಲು ಒತ್ತಿದ್ದೀವಿ: ‘ಮಾಹಿತಿ ಸಿಗುತ್ತೆ.’ ಪುಸ್ತಕದ ಕೊನೆಯ ಟಿಪ್ಪಣಿ, ಆಕರಗಳೇ ನಮಗೆ ಸಮಾಧಾನ. ಇದು ಟೈಂಪಾಸ್ ಅಲ್ಲ, ಜ್ಞಾನ ಅಂತ. ಈ ಮರ್ಯಾದೆಗೆ ಕಾದಂಬರಿ ತೆತ್ತ ಬೆಲೆಯೂ ಇದೆ. ಪಾತ್ರಗಳು ಅಪಾಯದಲ್ಲಿದ್ದಾಗಲೂ ಪಾಠ ಮಾಡ್ತಾರೆ. ಎದುರಿಗೆ ಕೂತವರು ‘ಅಂದರೆ?’ ಅಂತ ಕೇಳೋಕಷ್ಟೇ ಇರ್ತಾರೆ. ಭಯ ಹುಟ್ಟಬೇಕಾದ ಕಡೆ ನೋಟ್ಸ್ ಬರೆದುಕೊಳ್ಳೋಣ ಅನ್ನಿಸುತ್ತೆ. ಇದನ್ನು ಯಾರಾದರೂ ಹೇಳಬೇಕಲ್ವಾ? ‘ಮಾಹಿತಿಪೂರ್ಣ’ ಅಂದುಬಿಟ್ಟರೆ ಹೇಳೋ ಕಷ್ಟ ತಪ್ಪುತ್ತೆ, ಅಷ್ಟೇ.

ಮೂರನೇ ಉಪಾಯವೂ ಉಂಟು. ತೇಜಸ್ವಿಯವರ ‘ಚಿದಂಬರ ರಹಸ್ಯ’ದಲ್ಲಿ ಏಲಕ್ಕಿ ವಿಜ್ಞಾನಿಯೊಬ್ಬನ ಸಾವಿದೆ, ತನಿಖೆಗೆ ಬಂದ ಅಧಿಕಾರಿ ಇದ್ದಾನೆ, ಊರು ತುಂಬ ಅನುಮಾನ ಇದೆ. 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂತು. ಆದರೆ ಅದನ್ನು ಪತ್ತೇದಾರಿ ಅಂತ ಕರೆಯೋಕೆ ನಮಗೆ ನಾಲಿಗೆ ಏಳಲ್ಲ. ಚೆನ್ನಾಗಿದ್ದರೆ ಜಾತಿ ಬದಲಾಯಿಸಿ ಒಳಗೆ ಕರ್ಕೊಳ್ತೀವಿ, ಇಲ್ಲದಿದ್ದರೆ ಮೆಟ್ಟಿಲ ಹತ್ತಿರವೇ ಚಪ್ಪಲಿ ಜೊತೆ ಬಿಡ್ತೀವಿ.

ಇದರ ನಷ್ಟ ಇವತ್ತು ಬರೆಯೋಕೆ ಕೂತವರಿಗೆ. ಹೆಸರಘಟ್ಟದಲ್ಲಿ ಬಾಡಿಗೆ ಮನೆ ಹಿಡಿದು ರಹಸ್ಯ ಕಾದಂಬರಿ ಬರೆಯುವ ಒಬ್ಬ ಹೆಣ್ಣುಮಗಳನ್ನು ಊಹಿಸಿಕೊಳ್ಳಿ. ಸಾಮಗ್ರಿಗೇನೂ ಕೊರತೆ ಇಲ್ಲ. ಅರ್ಕಾವತಿಗೆ ಅಡ್ಡಲಾಗಿ 1894ರಲ್ಲಿ ಕಟ್ಟಿ ಬೆಂಗಳೂರಿಗೆ ನಲ್ಲಿ ನೀರು ಕೊಟ್ಟ ಕೆರೆ, ಆಮೇಲೆ ವರ್ಷಗಟ್ಟಲೆ ಬತ್ತಿ ನಿಂತದ್ದು. ಅದೇ ಹೊಳೆಯ ಹೆಸರನ್ನು ಹೊತ್ತು ತೋಟಗಾರಿಕಾ ಸಂಶೋಧನಾ ಸಂಸ್ಥೆಯಿಂದ ಹೊರಬಂದ ‘ಅರ್ಕಾ’ ಟೊಮೆಟೊ, ಮೆಣಸಿನಕಾಯಿ ತಳಿಗಳು. ಒಂದು ಕಾಲಕ್ಕೆ ಚಿತ್ರನಗರಿ ಮಾಡಬೇಕು ಅಂತ ಹೊರಟ ಹುಲ್ಲುಗಾವಲು, ಕೊನೆಗೆ 2024ರಲ್ಲಿ 5,000 ಎಕರೆಗೂ ಮೀರಿದ ಆ ಜಾಗವನ್ನು ಸಂರಕ್ಷಿಸಲು ವನ್ಯಜೀವಿ ಮಂಡಳಿ ಒಪ್ಪಿದ್ದು. ಹೊಳೆಯ ನೀರು ಎಲ್ಲಿ ಹೋಯ್ತು, ಜಮೀನು ಯಾರ ಕೈಗೆ ಹೋಗಬೇಕಿತ್ತು ಅನ್ನೋದು ಒಂದು ಹೆಣ ಬಿದ್ದರೆ ಸಾಕು, ಕಾದಂಬರಿ.

ಆದರೆ ಇದನ್ನು ಬರೆಯೋಕೆ ಪಹಣಿ ನೋಡಬೇಕು, ತಾಲ್ಲೂಕು ಕಚೇರಿ ಅಲೆಯಬೇಕು, ಕುರಿ ಮೇಯಿಸೋರ ಜೊತೆ ಕೂತು ಮಾತಾಡಬೇಕು. ಕನಿಷ್ಠ ಒಂದು ವರ್ಷ. ಪುಸ್ತಕದ ಬೆಲೆ 250 ರೂಪಾಯಿ, ಸಾವಿರ ಪ್ರತಿ, ಶೇಕಡಾ 10 ಗೌರವಧನ ಅಂತ ಲೆಕ್ಕ ಹಾಕಿ. ಎಲ್ಲ ಪ್ರತಿ ಖರ್ಚಾದರೆ 25,000. ತಿಂಗಳಿಗೆ ಎರಡು ಸಾವಿರದ ಚಿಲ್ಲರೆ, ಅದೂ ಕಾದು ಕಾದು. ಹಾಗಾಗಿ ಆಕೆ ಬೆಳಗ್ಗೆ ಐದಕ್ಕೆದ್ದು ಎರಡು ಗಂಟೆ ಬರೆದು, ಯಲಹಂಕದ ಕಡೆ ಬಸ್ಸು ಹಿಡಿದು ಇನ್ನೊಂದು ಕೆಲಸಕ್ಕೆ ಹೋಗ್ತಾಳೆ. ಇಷ್ಟಾದ ಮೇಲೆ ನಾವು ಪುಸ್ತಕ ಕೈಗೆತ್ತಿಕೊಂಡು ಏನಂತೀವಿ? ‘ವೀಕೆಂಡಿಗೆ ಚೆನ್ನಾಗಿದೆ.’

ದುಡ್ಡಿನ ಸಮಸ್ಯೆಯನ್ನು ವಿಮರ್ಶೆ ಬಗೆಹರಿಸಲ್ಲ, ನಿಜ. ಆದರೆ ಗಂಭೀರವಾಗಿ ಓದೋರು ಇದ್ದಾರೆ ಅಂತ ಗೊತ್ತಾದರೆ ಬರೆಯೋಳು ಮೊದಲ ಅಧ್ಯಾಯಕ್ಕೆ ವಾಪಸ್ ಹೋಗ್ತಾಳೆ. ಬೇಡ ಅನ್ನೋರಿಗೋಸ್ಕರ ಯಾರೂ ಸುಳಿವು ತಿದ್ದಲ್ಲ. ಅದಕ್ಕೆ, ಮುಂದಿನ ಸಲ ಕನ್ನಡದ ಪತ್ತೇದಾರಿ ಕಾದಂಬರಿ ಓದಿದಾಗ, ದಯವಿಟ್ಟು ಕೊಂಡು ಓದಿ, ಆಮೇಲೆ ನೇರವಾಗಿ ಬರೆಯಿರಿ: ಕೊಲೆಗಾರ ಯಾರಂತ ಎಷ್ಟನೇ ಪುಟದಲ್ಲಿ ಗೊತ್ತಾಯ್ತು, ಯಾವ ಸುಳಿವು ಮೋಸ ಅನ್ನಿಸ್ತು, ಎಲ್ಲಿ ಬೆನ್ನಲ್ಲಿ ಚಳಿ ಹುಟ್ಟಿತು. ಬೈಯೋದಿದ್ದರೂ ಬೈಯಿರಿ. ಮೆಟ್ಟಿಲು ಅಂತ ಮಾತ್ರ ಕರೀಬೇಡಿ.