ಬಂದೂಕಿನ ತಿರುಪು: ಎಷ್ಟು ಬಿಗಿದರೆ ಸರಿ?

ಸಂವೇಗ ಸಂರಕ್ಷಣೆಯ ಪಾಠದಲ್ಲಿ ತಪ್ಪದೆ ಬರುವ ಉದಾಹರಣೆ ಬಂದೂಕಿನದು. ಗುಂಡು ಮುಂದಕ್ಕೆ, ಬಂದೂಕು ಹಿಂದಕ್ಕೆ. ಲೆಕ್ಕದಲ್ಲಿ ಬಂದೂಕು ಒಂದೇ ಗಟ್ಟಿ ಕಾಯ. ವಾಸ್ತವ ಹಾಗಿಲ್ಲ. ಬಾಗಿಲ ಅಗುಳಿಯಂತೆ ತಿರುಗಿಸಿ ಸರಿಸುವ ಬೋಲ್ಟ್ ಉಳ್ಳ ಬೇಟೆಯ ರೈಫಲ್‌ನಲ್ಲಿ ನಳಿಗೆ ಮತ್ತು ಅದಕ್ಕೆ ಕೂಡಿದ ಉಕ್ಕಿನ ‘ಆಕ್ಷನ್’ ಒಂದು ಘಟಕ. ಭುಜಕ್ಕೆ ಆನಿಸುವ ಸ್ಟಾಕ್ ಇನ್ನೊಂದು. ಸಾಮಾನ್ಯವಾಗಿ ಇವನ್ನು ಹಿಡಿದಿಡುವುದು ಎರಡೇ ತಿರುಪುಗಳು. ಅವು ಸಡಿಲವಾದರೆ ಪ್ರತಿ ಹೊಡೆತದ ನಂತರ ಆಕ್ಷನ್ ಬೇರೆ ಬೇರೆ ಜಾಗದಲ್ಲಿ ಕೂರುತ್ತದೆ, ಗುಂಡು ಗುರಿ ತಪ್ಪುತ್ತದೆ. ಬೇಟೆಯಲ್ಲಿ ಇದರ ಫಲವನ್ನು ಗಾಯಗೊಂಡು ನರಳುವ ಪ್ರಾಣಿ ಅನುಭವಿಸುತ್ತದೆ.

ಬೇಟೆ ಕಾನೂನುಬದ್ಧವಾಗಿರುವ ಅಮೆರಿಕದಲ್ಲಿ ಇದಕ್ಕೆ ಒಂದು ಸಿದ್ಧ ಉತ್ತರವಿದೆ: ‘65 ಇಂಚು-ಪೌಂಡ್ ಟಾರ್ಕ್‌ಗೆ ಬಿಗಿಯಿರಿ’. ಅಂದರೆ ಸುಮಾರು 7.3 ನ್ಯೂಟನ್-ಮೀಟರ್. ಕೈ ಅಂದಾಜಿಗಿಂತ ಟಾರ್ಕ್ ರೆಂಚ್ ಮೇಲು ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಷರತ್ತುಗಳನ್ನು ಹೇಳದೆ ಅಂಕಿಯನ್ನು ಮಾತ್ರ ಹೇಳುವುದು ಅರ್ಧ ವಿಜ್ಞಾನ. ಈ ಸಲಹೆಯ ಮೇಲೆ ಮೂರು ಆಕ್ಷೇಪಗಳಿವೆ.

ಮೊದಲನೆಯದು, ನಾವು ಅಳೆಯುವುದು ಒಂದು, ನಮಗೆ ಬೇಕಾದುದು ಇನ್ನೊಂದು. ರೆಂಚ್ ತೋರಿಸುವುದು ಟಾರ್ಕ್. ಭಾಗಗಳನ್ನು ಒತ್ತಿ ಹಿಡಿಯುವುದು ತಿರುಪು ಹಿಗ್ಗಿದಾಗ ಅದರಲ್ಲಿ ಉಂಟಾಗುವ ಕರ್ಷಣ ಬಲ. ಹಾಕಿದ ಟಾರ್ಕ್‌ನಲ್ಲಿ ಸುಮಾರು ಶೇ. 90 ಭಾಗ ತಿರುಪಿನ ತಲೆಯ ಕೆಳಗಿನ ಮತ್ತು ಎಳೆಗಳ ನಡುವಿನ ಘರ್ಷಣೆಗೇ ಹೋಗುತ್ತದೆ. ಅಂದಾಜಿಗೆ ಬಳಸುವ ಸೂತ್ರ ಸರಳ: ಟಾರ್ಕ್ = ಗುಣಾಂಕ × ವ್ಯಾಸ × ಕರ್ಷಣ ಬಲ. ರೆಮಿಂಗ್ಟನ್ 700 ಮಾದರಿಯ ತಿರುಪಿನ ವ್ಯಾಸ ಕಾಲು ಇಂಚು, ಅಂದರೆ 6.35 ಮಿ.ಮೀ. ಎಣ್ಣೆಯಿಲ್ಲದ ಉಕ್ಕಿಗೆ ಗುಣಾಂಕ 0.2 ಎಂದರೆ ಕರ್ಷಣ ಸುಮಾರು 5,800 ನ್ಯೂಟನ್. ಅದೇ ತಿರುಪಿಗೆ ಎಣ್ಣೆ ಸವರಿದಾಗ ಗುಣಾಂಕ 0.15ಕ್ಕೆ ಇಳಿಯಿತೆನ್ನಿ, ಕರ್ಷಣ 7,700 ನ್ಯೂಟನ್‌ಗೆ ಏರುತ್ತದೆ. ರೆಂಚ್‌ನ ಅಂಕಿ ಬದಲಾಗಿಲ್ಲ, ಬಿಗಿತ ಮೂರನೇ ಒಂದು ಭಾಗದಷ್ಟು ಹೆಚ್ಚಿದೆ!

ಎರಡನೆಯದು ವಸ್ತುವಿನ ಪ್ರಶ್ನೆ. 5,800 ನ್ಯೂಟನ್ ಬಲದಲ್ಲಿ 25 ಮಿ.ಮೀ. ಉದ್ದದ ಈ ತಿರುಪು ಹಿಗ್ಗುವುದು ಸುಮಾರು 0.03 ಮಿ.ಮೀ. ಮಾತ್ರ. ಅಷ್ಟೇ ದಪ್ಪದ ವಾಲ್‌ನಟ್ ಮರ ತನ್ನ ತೇವಾಂಶದಲ್ಲಿ ಶೇ. 1ರಷ್ಟು ಕಳೆದುಕೊಂಡರೂ ಸುಮಾರು 0.05 ಮಿ.ಮೀ. ಕುಗ್ಗಬಲ್ಲದು. ಮರಕ್ಕೂ ಸ್ವಲ್ಪ ಸ್ಥಿತಿಸ್ಥಾಪಕತೆ ಇರುವುದರಿಂದ ಬಿಗಿತ ಪೂರ್ತಿ ಹೋಗದಿದ್ದರೂ ಗಣನೀಯವಾಗಿ ಇಳಿಯುತ್ತದೆ. ಹಾಗೆಂದು ಇನ್ನೂ ಬಿಗಿದರೆ ಮರದ ನಾರು ಜಜ್ಜಿಹೋಗುತ್ತದೆ. ಆದ್ದರಿಂದಲೇ ತಿರುಪಿನ ಸುತ್ತ ಅಲ್ಯೂಮಿನಿಯಮ್ ಕೊಳವೆ ಕೂರಿಸಿದ ಸ್ಟಾಕ್‌ಗೆ 65 ಹೊಂದಿದರೆ, ಬರಿಯ ಮರಕ್ಕೆ 35ರಿಂದ 45 ಸಾಕು. ಕೊಳವೆಯ ಉಪಾಯ ಹೊಸದೇನಲ್ಲ. 1898ರ ಜರ್ಮನ್ ಮೌಸರ್‌ನ ಹಿಂಬದಿ ತಿರುಪಿಗೇ ಉಕ್ಕಿನ ಕೊಳವೆ ಇತ್ತು.

ಮೂರನೆಯದು, ಬಿಗಿಯುವುದು ಕೆಟ್ಟ ಹೊಂದಿಕೆಗೆ ಮದ್ದಲ್ಲ. ಆಕ್ಷನ್ ಕೂರುವ ತಳ ಸಮವಾಗಿಲ್ಲದಿದ್ದರೆ ತಿರುಪು ಬಿಗಿದಷ್ಟೂ ಉಕ್ಕು ಬಾಗುತ್ತದೆ. ಪರೀಕ್ಷೆ ಸುಲಭ: ನಳಿಗೆ ಮತ್ತು ಸ್ಟಾಕ್‌ನ ತುದಿ ಸೇರುವಲ್ಲಿ ಬೆರಳಿಟ್ಟು, ಮುಂದಿನ ತಿರುಪನ್ನು ಸಡಿಲಿಸಿ ಮತ್ತೆ ಬಿಗಿಯಬೇಕು. ನಳಿಗೆ ಎದ್ದು ಕೂತಂತೆ ಬೆರಳಿಗೆ ತಿಳಿದರೆ ದೋಷ ತಳದಲ್ಲಿದೆ. ಯಾವ ಅಂಕಿಯೂ ಅದನ್ನು ಸರಿಪಡಿಸದು.

ಹಾಗಾದರೆ ಸರಿಯಾದ ಕ್ರಮ ಯಾವುದು? ಮೊದಲು ಗುಂಡಿಲ್ಲವೆಂದು ಖಚಿತಪಡಿಸಿಕೊಂಡು ಬೋಲ್ಟ್ ಹೊರತೆಗೆಯಬೇಕು. ಎಳೆಗಳನ್ನು ಒರೆಸಿ, ತಿರುಪುಗಳನ್ನು ಕೈಯಲ್ಲೇ ಕೂರಿಸಬೇಕು. ಬಂದೂಕನ್ನು ನೆಟ್ಟಗೆ ನಿಲ್ಲಿಸಿ ಹಿಂಬದಿಯನ್ನು ನೆಲಕ್ಕೆ ಮೆಲ್ಲನೆ ಕುಟ್ಟಿದರೆ, ಹಿನ್ನೆಗೆತವನ್ನು ತಡೆಯುವ ಉಕ್ಕಿನ ಗಟ್ಟು ತನ್ನ ಗಾಡಿಗೆ ಒತ್ತಿ ಕೂರುತ್ತದೆ. ಆಮೇಲೆ ಮುಂದಿನದು ಅರ್ಧ, ಹಿಂದಿನದು ಅರ್ಧ, ಬಳಿಕ ಅದೇ ಸರದಿಯಲ್ಲಿ ಪೂರ್ತಿ. ಹಳೆಯ ವಿಂಚೆಸ್ಟರ್ 70 ಮಾದರಿಯಂತೆ ನಡುವೆ ಮೂರನೆಯದಿದ್ದರೆ ಅದನ್ನು ಅಲುಗದಷ್ಟು ಮಾತ್ರ ಬಿಗಿಯಬೇಕು. ತಯಾರಕರು ಆ ಮಾದರಿಗೆ ಬೇರೆ ಅಂಕಿ ಕೊಟ್ಟಿದ್ದರೆ ಅದೇ ಅಂತಿಮ.

ನಮ್ಮ ತರಗತಿಗಳಿಗೆ ಬಂದೂಕು ಬೇಕಿಲ್ಲ. ಎಂಜಿನ್ನಿನ ಸಿಲಿಂಡರ್ ಹೆಡ್ ಬೋಲ್ಟುಗಳ ಕೈಪಿಡಿಯನ್ನು ನೋಡಿ. ಒಳ್ಳೆಯ ಕೈಪಿಡಿಯಲ್ಲಿ ಟಾರ್ಕ್‌ನ ಜೊತೆಗೆ ಬಿಗಿಯುವ ಸರದಿಯೂ, ಎಣ್ಣೆ ಹಚ್ಚಬೇಕೆ ಬೇಡವೆ ಎಂಬುದೂ ಇರುತ್ತದೆ. ‘ಟಾರ್ಕ್ ಎಂದರೆ ಬಲ ಮತ್ತು ಲಂಬದೂರದ ಗುಣಲಬ್ಧ’ ಎಂದು ಬರೆಸಿ ಪಾಠ ಮುಗಿಸುವ ಬದಲು, ಆ ಟಾರ್ಕ್ ಎಲ್ಲಿ ಹೋಯಿತು ಎಂದು ಕೇಳಿದರೆ ಘರ್ಷಣೆ, ಸ್ಥಿತಿಸ್ಥಾಪಕತೆ ಎರಡೂ ಒಂದೇ ತಿರುಪಿನಲ್ಲಿ ಸಿಗುತ್ತವೆ. ಯಾವ ಸ್ಥಿತಿಯಲ್ಲಿ ಅಳೆದದ್ದು ಎಂದು ಹೇಳದ ಅಂಕಿಯನ್ನು ವಿದ್ಯಾರ್ಥಿಗಳು ಪ್ರಶ್ನಿಸುವಂತಾದರೆ ಪಾಠ ಸಾರ್ಥಕ.