ಮೋಟಾರಿಲ್ಲದ ಹಾಸಿಗೆ ಗೆದ್ದಾಗ

ಹಾಸಿಗೆ ಹಿಡಿದ ಹಿರಿಯರ ಸೊಂಟದ ಕೆಳಗೆ ಚರ್ಮ ಕೆಂಪಾಯಿತೆಂದರೆ ಮನೆಯವರು ಮೊದಲು ವಿಚಾರಿಸುವುದು ಏರ್ ಬೆಡ್ ಎಲ್ಲಿ ಸಿಗುತ್ತದೆಂದು. ಮಂಚದ ಕಾಲ ಕಡೆ ಪಂಪು ನೇತುಹಾಕಿ ಅದು ಗುಂಯ್‌ಗುಡತೊಡಗಿದರೆ ಅರ್ಧ ಚಿಂತೆ ಕಳೆದಂತೆ. ಈ ನಂಬಿಕೆಯನ್ನು ಅಲುಗಾಡಿಸಿದ್ದು ಬೆಲ್ಜಿಯಂನ ವೃದ್ಧರ ಆರೈಕೆ ಕೇಂದ್ರಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ, ಡಿಮಿಟ್ರಿ ಬೀಕ್ಮನ್ ತಂಡದ ಪ್ರಯೋಗ.

ಹೋಲಿಸಿದ್ದು ಎರಡು ಬಗೆಯ ಗಾಳಿ ಹಾಸಿಗೆಗಳನ್ನು. ಪಂಪಿನ ಹಾಸಿಗೆಯಲ್ಲಿ ಗಾಳಿಕೋಶಗಳು ಸರದಿಯ ಮೇಲೆ ಉಬ್ಬಿ ಇಳಿಯುತ್ತವೆ. ಒತ್ತಡ ಒಂದೇ ಕಡೆ ನಿಲ್ಲದೆ ಜಾಗ ಬದಲಿಸುತ್ತದೆ. ಇನ್ನೊಂದಕ್ಕೆ ಮೋಟಾರೂ ಇಲ್ಲ, ವೈರೂ ಇಲ್ಲ. ಒಮ್ಮೆ ಗಾಳಿ ತುಂಬಿದರೆ ಮೈ ಅದರಲ್ಲಿ ಹದವಾಗಿ ಹುದುಗುತ್ತದೆ, ಭಾರ ಹೆಚ್ಚು ಜಾಗಕ್ಕೆ ಹರಡುತ್ತದೆ. 26 ಕೇಂದ್ರಗಳ 308 ಮಂದಿಯನ್ನು ಹದಿನಾಲ್ಕು ದಿನ ಗಮನಿಸಿದಾಗ ಪಂಪಿನ ಹಾಸಿಗೆಯಲ್ಲಿದ್ದವರಲ್ಲಿ ಶೇ. 11.7ರಷ್ಟು ಜನರಿಗೆ ಒತ್ತಡದ ಹುಣ್ಣಾಯಿತು, ಮೋಟಾರಿಲ್ಲದ್ದರಲ್ಲಿ ಶೇ. 5.2. ಖರ್ಚೂ ಎರಡನೆಯದಕ್ಕೇ ಕಡಿಮೆ.

ಈ ಪ್ರಯೋಗದ ದೊಡ್ಡ ಗುಣ ಅದು ಆರಿಸಿಕೊಂಡ ಜಾಗ. ಇಂಥ ಅಧ್ಯಯನಗಳು ಹೆಚ್ಚಾಗಿ ಆಸ್ಪತ್ರೆಯ ವಾರ್ಡುಗಳಲ್ಲಿ ನಡೆದು, ಅಲ್ಲಿನ ತೀರ್ಮಾನವನ್ನೇ ವೃದ್ಧಾಶ್ರಮದ ಮೇಲೂ ಹೊರಿಸುತ್ತವೆ. ಇಲ್ಲಿ ಹಾಗಾಗಿಲ್ಲ. ಆದರೆ ಶೇಕಡಾವಾರು ಬಿಚ್ಚಿ ತಲೆ ಎಣಿಸಿದರೆ ಉತ್ಸಾಹ ತುಸು ಇಳಿಯುತ್ತದೆ: ಒಂದು ಕಡೆ 18 ಜನ, ಇನ್ನೊಂದು ಕಡೆ 8. ಮೂರ್ನಾಲ್ಕು ಮಂದಿ ಆ ಕಡೆಯಿಂದ ಈ ಕಡೆಗೆ ಬಂದಿದ್ದರೆ ಫಲಿತಾಂಶದ ತಲೆಬರಹವೇ ಬೇರೆಯಾಗುತ್ತಿತ್ತು. ಯಾರು ಯಾವ ಹಾಸಿಗೆಯಲ್ಲಿದ್ದಾರೆಂಬುದು ನರ್ಸ್‌ಗಳಿಗೆ ಕಣ್ಣೆದುರೇ ಇರುತ್ತದೆ. ಇದನ್ನು ಮುಚ್ಚಿಡಲು ದಾರಿಯೂ ಇಲ್ಲ. ವರ್ಷಗಟ್ಟಲೆ ಮಲಗುವವರ ಬಗ್ಗೆ ಎರಡು ವಾರದ ಲೆಕ್ಕ ಎಷ್ಟು ಹೇಳೀತು?

ಬ್ರಿಟನ್ನಿನ 'ಪ್ರೆಷರ್ 2' ಪ್ರಯೋಗ ಇದಕ್ಕಿಂತ ಬಹಳ ದೊಡ್ಡದು. 42 ಆಸ್ಪತ್ರೆ ಮತ್ತು ಆರೈಕೆ ಘಟಕಗಳ 2,029 ಮಂದಿಯಲ್ಲಿ ಪಂಪಿನ ಹಾಸಿಗೆಯನ್ನು ಉತ್ತಮ ದರ್ಜೆಯ ಫೋಮಿನ ಜೊತೆ ಹೋಲಿಸಿದರು. ಹುಣ್ಣಾದವರು ಶೇ. 6.9 ಮತ್ತು 8.9. ಪಂಪು ಕೊಂಚ ಮುಂದಿದೆ, ಆದರೆ ಅಂತರ ಕಾಕತಾಳೀಯ ಆಗಿರಲಾರದು ಎಂದು ಖಚಿತವಾಗಿ ಹೇಳುವಷ್ಟಲ್ಲ. ಕುರಿಯ ಉಣ್ಣೆಯ ಹಾಸಿಗೂ ಆಸ್ಟ್ರೇಲಿಯಾ, ನೆದರ್‌ಲ್ಯಾಂಡ್ಸ್‌ಗಳಲ್ಲಿ ಒಳ್ಳೆಯ ಅಂಕಗಳೇ ಬಂದಿವೆ. ನಮ್ಮ ಸೆಕೆಗೆ ಅದು ಹೊಂದುವುದು ಅನುಮಾನ.

ಬೆಲ್ಜಿಯಂ ಪ್ರಯೋಗದ ಪಕ್ಕದಲ್ಲಿಟ್ಟು ಓದಲೇಬೇಕಾದದ್ದು, ನನ್ನ ಮಟ್ಟಿಗೆ, 2013ರಲ್ಲಿ ಬಂದ 'ಟರ್ನ್' ಅಧ್ಯಯನ. ಅಮೆರಿಕ ಮತ್ತು ಕೆನಡಾದ 27 ನರ್ಸಿಂಗ್ ಹೋಮ್‌ಗಳಲ್ಲಿ 942 ಹಿರಿಯರನ್ನು ದಟ್ಟ ಫೋಮಿನ ಮೇಲೆ ಮಲಗಿಸಿ, ಎರಡು, ಮೂರು ಇಲ್ಲವೇ ನಾಲ್ಕು ಗಂಟೆಗೊಮ್ಮೆ ಮಗ್ಗುಲು ಬದಲಿಸಿದರು. ಪ್ರತಿ ಸಲವೂ ಬರೆದಿಟ್ಟರು. ಮೂರು ವಾರದಲ್ಲಿ ಹುಣ್ಣಾದದ್ದು ಶೇ. 2ರಷ್ಟು ಜನರಿಗೆ ಮಾತ್ರ. ಗಂಟೆಗಳ ಅಂತರದಿಂದ ಹೆಚ್ಚೇನೂ ವ್ಯತ್ಯಾಸವಾಗಲಿಲ್ಲ. ಬೇರೆ ಬೇರೆ ದೇಶಗಳ ಬೇರೆ ರೋಗಿಗಳನ್ನು ನೇರ ತೂಗಲಾಗದು, ನಿಜ. ಆದರೂ ಯಾವ ಪಂಪೂ ಇಲ್ಲದ ಹಾಸಿಗೆಯ ಮೇಲೆ, ಕೈ ಮುಟ್ಟಿ ಮಗ್ಗುಲಾಗಿಸುವವರು ತಪ್ಪದೆ ಬಂದಾಗ ಇಷ್ಟು ಸಾಧ್ಯವಾಯಿತು ಎಂಬುದನ್ನು ಹಾಸಿಗೆ ಮಾರುವವರು ಹೇಳುವುದಿಲ್ಲ.

ಹಾಗಾಗಿ ಬೆಲ್ಜಿಯಂನವರ ತೀರ್ಮಾನವನ್ನು ನಾನು ಅರ್ಧ ಒಪ್ಪುತ್ತೇನೆ. ದುಬಾರಿ ಯಂತ್ರವೇ ಮೇಲು ಎಂಬ ಮಾತಿಗೆ ಆಧಾರ ಸಾಲದು. ಮೋಟಾರಿಲ್ಲದ್ದೇ ಎಲ್ಲರಿಗೂ ಮೇಲು ಎಂಬುದಕ್ಕೂ ಸಾಲದು. ಕರೆಂಟು ಪದೇ ಪದೇ ಹೋಗುವ ಊರಲ್ಲಿ ಮಾತ್ರ ಎರಡನೆಯದರ ಕಡೆಗೇ ನನ್ನ ಒಲವು. ಗಾಳಿ ಇಳಿದ ಏರ್ ಬೆಡ್ ಬರೀ ಪ್ಲಾಸ್ಟಿಕ್ ಹಾಳೆ.

ಈಗಾಗಲೇ ಬಾಡಿಗೆಗೆ ತಂದಿದ್ದರೆ ಒಂದು ಕೆಲಸ ಮಾಡಿ. ಅಂಗೈ ಮೇಲಾಗಿಸಿ, ಹಿರಿಯರ ಸೊಂಟದ ನೇರಕ್ಕೆ ಗಾಳಿ ಹಾಸಿಗೆಯ ಅಡಿಗೆ ಕೈ ತೂರಿಸಿ ನೋಡಿ. ಮೂಳೆ ಕೈಗೆ ತಾಗುತ್ತಿದ್ದರೆ ಆ ಹಾಸಿಗೆ ಅವರ ಭಾರ ಹೊರುತ್ತಿಲ್ಲ. ಗಾಳಿ ಹೆಚ್ಚಿಸಿ, ಇಲ್ಲವೇ ಹಾಸಿಗೆ ಬದಲಿಸಿ. ಹಾಸಿಗೆಯ ಮೇಲೆ ಹಾಸಿದ ಎರಡು ಮೂರು ಮಡಿಕೆ ಬೆಡ್‌ಶೀಟನ್ನೂ ತೆಗೆದುಬಿಡಿ.